ಅಡಿಕೆ ಮೊದಲು ಬಂತು, ಆಮೇಲೆ ನಾನು



ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿ ವಾರ್ಷಿಕೋತ್ಸವಕ್ಕೆ ಎರಡು ಮಾತು ಆಡಬೇಕು ಅಂದರು. ವಿಷಯ ಏನು ಅಂತ ಕೇಳಿದೆ. "ಎಂತದ್ದಾದರೂ ಆಗ್ತದೆ ಮಾರಾಯ್ರೆ, ಕನ್ನಡದಲ್ಲಿದ್ದರೆ ಸಾಕು" ಅಂದರು. ನಾನು ಸಾಹಿತಿಯಲ್ಲ, ಮೇಷ್ಟ್ರೂ ಅಲ್ಲ. ಹತ್ತು ನಿಮಿಷ ನಿಂತು ಮಾತಾಡುವಷ್ಟು ನನಗೆ ಗೊತ್ತಿರುವುದು ಒಂದೇ: ನನ್ನ ಅಪ್ಪ ಮಾಡುತ್ತಿದ್ದ ಕೆಲಸ.

ನನ್ನ ಊರು ಸುಳ್ಯ ತಾಲೂಕಿನ ಮರ್ಕಂಜ. ಸುಳ್ಯ ಅಂದರೆ ಈ ಸಭೆಯಲ್ಲಿ ನಾಲ್ಕು ತಲೆ ಅಲ್ಲಾಡುತ್ತವೆ. ಮರ್ಕಂಜ ಅಂದರೆ ಒಂದೇ ತಲೆ, ಅದು ನನ್ನ ಹೆಂಡತಿಯದು.

ಈ ಅಹಮದಾಬಾದಿಗೆ ನಾನು ಕೆಲಸ ಹುಡುಕಿಕೊಂಡು ಬಂದೆ. ಆದರೆ ನನಗಿಂತ ಎಷ್ಟೋ ವರ್ಷ ಮೊದಲೇ ನಮ್ಮ ಮನೆಯ ಅಂಗಳದ ಅಡಿಕೆ ಇಲ್ಲಿಗೆ ಬಂದಿತ್ತು. ಬಿಸಿಲಿಗೆ ಒಣಗಿಸಿದ ನಮ್ಮ ಕಡೆಯ ಚಾಲಿ ಅಡಿಕೆಯನ್ನು ಹೆಚ್ಚು ತಿನ್ನುವವರು ನಾವಲ್ಲ, ಈ ಗುಜರಾತಿನವರು. ಬಂದ ಹೊಸತರಲ್ಲಿ ಕಾಲುಪುರದ ಒಂದು ಅಂಗಡಿಯಲ್ಲಿ ಗೋಣಿ ಬಿಚ್ಚಿಟ್ಟಿದ್ದರು. ವಾಸನೆಯಲ್ಲೇ ಗೊತ್ತಾಯಿತು. ಅಂಗಡಿಯವ "ಮೆಂಗಲೋರಿ ಸೋಪಾರಿ, ಕಣ್ಣು ಮುಚ್ಚಿ ತಗೊಳ್ಳಿ" ಅಂದ. "ಇದನ್ನು ಮರ ಹತ್ತಿ ಕೊಯ್ಯುವವರಲ್ಲಿ ನಮ್ಮಪ್ಪನೂ ಒಬ್ಬರು" ಅಂದೆ. ದರದಲ್ಲಿ ಒಂದು ರೂಪಾಯಿಯನ್ನೂ ಬಿಡಲಿಲ್ಲ. ಆದರೆ ಚಾ ಕುಡಿಸಿದ. ಗುಜರಾತಿಗಳ ಜೊತೆ ವ್ಯವಹಾರ ಮಾಡಿದವರಿಗೆ ಗೊತ್ತು, ಇದು ದೊಡ್ಡ ಗೌರವ. ಹಾಗಂತ ಅಡಿಕೆ ತಿನ್ನಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಸಂಘದ ಡಾಕ್ಟ್ರು ಎರಡನೇ ಸಾಲಿನಿಂದ ನನ್ನನ್ನೇ ನೋಡುತ್ತಿದ್ದಾರೆ.

ಅಪ್ಪ ಸ್ವಂತ ತೋಟದ ಮರವನ್ನೂ ಹತ್ತುತ್ತಿದ್ದರು, ನೆರೆಯವರ ತೋಟದ ಮರವನ್ನೂ ಹತ್ತುತ್ತಿದ್ದರು. ಸ್ವಂತ ತೋಟ ಒಂದು ಸಂಸಾರ ಸಾಕುವಷ್ಟು ದೊಡ್ಡದಿರಲಿಲ್ಲ. ಒಂಬತ್ತಡಿಗೊಂದು ಸಸಿ ನೆಟ್ಟರೆ ಎಕರೆಗೆ ಐನೂರ ನಲವತ್ತರ ಹತ್ತಿರ ಮರ. ಆದರೆ ಪ್ರತಿ ಮರಕ್ಕೂ ಕೆಳಗಿನಿಂದ ಹತ್ತುವುದಿಲ್ಲ. ಹಗ್ಗದ ತಳೆಗೆ ಕಾಲು ಕೊಟ್ಟು ಒಂದು ಮರ ಹತ್ತಿದರೆ, ಅದರ ತುದಿಯಿಂದಲೇ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುತ್ತಾರೆ, ಅಲ್ಲಿಂದ ಇನ್ನೊಂದಕ್ಕೆ. ಕೆಳಗೆ ನಿಂತು ನೋಡುವವರಿಗೆ ಜೀವ ಬಾಯಿಗೆ ಬರುತ್ತದೆ. ಅಮ್ಮ ಅಂತೂ ತೋಟದ ಕಡೆಗೇ ಬರುತ್ತಿರಲಿಲ್ಲ. ಮನೆಯೊಳಗೆ ಪಾತ್ರೆ ಸ್ವಲ್ಪ ಜೋರಾಗಿ ತೊಳೆಯುತ್ತಿದ್ದರು, ಅಷ್ಟೆ.

ಮೇ ಕೊನೆಗೆ ಮದ್ದು ಬಿಡುವ ಕೆಲಸ ಶುರು. ಮಳೆ ಹಿಡಿಯುವ ಮೊದಲು ಒಂದು ಸಲ ಆಗಲೇಬೇಕು, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಇಲ್ಲದಿದ್ದರೆ ಕೊಳೆರೋಗ ಬಂದು ಎಳೆಕಾಯಿ ಉದುರಿ ತೋಟದ ನೆಲ ಹಸಿರಾಗುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಆಮೇಲೆ ಸೇರಿಸಬೇಕು. ಸೇರಿಸಿದ ಮೇಲೆ ಅಪ್ಪ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುತ್ತಿದ್ದರು. ಅಲಗಿಗೆ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಇದು ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಮದ್ದು ಅಂತಲೂ, ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ನೂರು ವರ್ಷಕ್ಕೂ ಹಿಂದೆ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ಮದ್ದನ್ನು ಅಡಿಕೆಗೆ ಹೊಂದಿಸಿದರು ಅಂತಲೂ ನಾನು ಓದಿದ್ದು ಎಷ್ಟೋ ಕಾಲದ ಮೇಲೆ. ಅಪ್ಪನಿಗೆ ಫ್ರಾನ್ಸೂ ಗೊತ್ತಿರಲಿಲ್ಲ, ಕೋಲ್ಮನ್ನೂ ಗೊತ್ತಿರಲಿಲ್ಲ. ಕತ್ತಿ ಗೊತ್ತಿತ್ತು.

ನನ್ನ ಕೆಲಸ ಕೆಳಗೆ ಪಂಪು ಒತ್ತುವುದು. ಒತ್ತುವುದು ನಿಧಾನವಾದರೆ ಮರದ ತುದಿಯಿಂದ ಬೈಗುಳ ಇಳಿಯುತ್ತಿತ್ತು, ಅದರ ಜೊತೆ ನೀಲಿ ಮದ್ದೂ ಇಳಿಯುತ್ತಿತ್ತು. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವಾಗ ನಮ್ಮ ಕ್ಲಾಸಿನ ಅರ್ಧ ಗಂಡುಮಕ್ಕಳ ತಲೆ, ಕಿವಿ, ಅಂಗಿ ಎಲ್ಲ ನೀಲಿ. ಮೇಷ್ಟ್ರು ಹಾಜರಿ ಕರೆಯುವ ಮೊದಲು ಯಾರ ಮನೆಯಲ್ಲಿ ಮದ್ದು ಮುಗಿಯಿತು ಅಂತ ಕೇಳುತ್ತಿದ್ದರು. ಅವರದ್ದೂ ತೋಟ ಇತ್ತಲ್ಲ.

ಆ ತೋಟ ನಮ್ಮದಾದದ್ದು ಹೇಗೆ ಅನ್ನುವುದನ್ನೂ ಹೇಳಬೇಕು. ಅಜ್ಜನ ಕಾಲದಲ್ಲಿ ನಮ್ಮದು ಗೇಣಿ ಒಕ್ಕಲು. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಕಾನೂನು ಬಂದಾಗ, ಊರಿನ ಒಕ್ಕಲುಗಳೆಲ್ಲ ತಾವು ಉಳುವ ಭೂಮಿ ತಮಗೆ ಸಿಗಲಿ ಅಂತ ಏಳನೇ ನಂಬ್ರದ ಫಾರಮ್ಮು ತುಂಬಲು ಹೊರಟರು. ನಮ್ಮ ಕಡೆಯಲ್ಲಿ ಅದಕ್ಕೆ ಡಿಕ್ಲರೇಶನ್ ಅಂತಲೇ ಹೆಸರು. ಅಪ್ಪ ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆ ಫಾರಮ್ಮಿನ ಕನ್ನಡ ಓದಿ, ಸರ್ವೆ ನಂಬ್ರ ಬರೆದು, ಸಹಿ ಹಾಕಿದರು. ಭೂನ್ಯಾಯ ಮಂಡಳಿಯ ಎದುರು ನಿಂತು ನಾವು ಎಷ್ಟು ವರ್ಷದಿಂದ ಈ ಗದ್ದೆ ಮಾಡುತ್ತಿದ್ದೇವೆ ಅಂತ ಅದೇ ಕನ್ನಡದಲ್ಲಿ ಹೇಳಿದರು. ನಮ್ಮ ಮನೆಯಲ್ಲಿ ಮಾತಾಡುವುದು ಅರೆಭಾಷೆ, ತೋಟದಲ್ಲಿ ಆಳುಗಳ ಜೊತೆ ತುಳು, ಪೇಟೆಯ ಅಂಗಡಿಯಲ್ಲಿ ಬ್ಯಾರಿ, ಮಲಯಾಳ ಎಲ್ಲ ಸೇರಿದ ಮಾತು. ಹಾಗಾಗಿ ಅಪ್ಪನಿಗೆ ಕನ್ನಡ ಮನೆಯ ಅಂಗಿಯಲ್ಲ, ಕಚೇರಿಗೆ ಹೋಗುವಾಗ ಹಾಕಿಕೊಳ್ಳುವ ಇಸ್ತ್ರಿ ಅಂಗಿ. ಆ ಇಸ್ತ್ರಿ ಅಂಗಿಯೇ ನಮಗೆ ಭೂಮಿ ತಂದುಕೊಟ್ಟಿತು.

ಕೊಯ್ಲು ಆದ ಮೇಲೆ ಅಂಗಳದ ಕೆಲಸ. ಸಗಣಿ ಸಾರಿಸಿದ ಅಂಗಳದಲ್ಲಿ ಅಡಿಕೆ ಹರವಿ, ನಲವತ್ತು ದಿನದ ಹತ್ತಿರ ಬಿಸಿಲಿಗೆ ಒಣಗಿಸಬೇಕು, ದಿನಾ ಕಾಲಿನಲ್ಲಿ ಮಗುಚಬೇಕು. ಮೋಡ ಕಂಡರೆ ಊಟದ ಬಟ್ಟಲು ಬಿಟ್ಟು ಓಡಬೇಕು. ಆಮೇಲೆ ರಾತ್ರಿ ಸುಲಿಯುವುದು, ಹೆಕ್ಕುವುದು: ಒಳ್ಳೆಯದು ಒಂದು ರಾಶಿ, ಉಳಿದ ದರ್ಜೆಯವು ಪಟೋರ, ಉಳ್ಳಿ, ಕೋಕ, ಕರಿಗೋಟು ಒಂದೊಂದು ರಾಶಿ. ಇಷ್ಟೆಲ್ಲ ಮಾಡಿ ಗೋಣಿ ಹೊಲಿದು ಪೇಟೆಗೆ ಕಳಿಸಿದರೆ ದರ ಹೇಳುವವ ಇನ್ನೊಬ್ಬ. ಎಪ್ಪತ್ತರ ದಶಕದ ಶುರುವಿನಲ್ಲಿ ಧಾರಣೆ ಬಿದ್ದಾಗ ಊರಿಗೆ ಊರೇ ಸಾಲದಲ್ಲಿ ಮುಳುಗಿತ್ತಂತೆ. ವಾರಣಾಶಿ ಸುಬ್ರಾಯ ಭಟ್ಟರು ಹಳ್ಳಿ ಹಳ್ಳಿ ಸುತ್ತಿ ಬೆಳೆಗಾರರನ್ನು ಸೇರಿಸಿ 1973ರಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಕಟ್ಟಿದ್ದು ಆ ಸಂಕಟದಿಂದಲೇ. ಅಪ್ಪ ಅದರ ಸದಸ್ಯರಾದರು. ಬೇರೆ ವಿಷಯದಲ್ಲಿ ಅಷ್ಟೇನೂ ಜಂಬ ಇಲ್ಲದ ಮನುಷ್ಯ, ಅದರ ಪಾಲು ಪತ್ರವನ್ನು ಮಾತ್ರ ದೇವರ ಪಟದ ಹಿಂದೆ ಇಟ್ಟಿದ್ದರು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೋದ ಚಾಕಲೇಟು ಕಾರ್ಖಾನೆ ಶುರುವಾದಾಗ ಅಡಿಕೆ ಮಧ್ಯದ ಕೊಕ್ಕೋ ಗಿಡಕ್ಕೂ ಮರ್ಯಾದೆ ಬಂತು. ರಾಷ್ಟ್ರಪತಿ ಜೈಲ್ ಸಿಂಗ್ ಬಂದು ಉದ್ಘಾಟಿಸಿದ್ದು. ಅಲ್ಲಿಯವರೆಗೆ ಕೊಕ್ಕೋ ಕಾಯಿಯ ಒಳಗಿನ ಬಿಳಿ ತಿರುಳನ್ನು ಚೀಪಿ ಬೀಜ ಉಗಿಯುವುದೇ ನಮ್ಮ ಚಾಕಲೇಟು.

ಈಗ ಆ ತೋಟ ಹಾಗಿಲ್ಲ. ಸಂಪಾಜೆ, ಅರಂತೋಡು, ಮರ್ಕಂಜ ಕಡೆಯ ತೋಟಗಳಿಗೆ ಹಳದಿ ರೋಗ ಬಂದಿದೆ. ಸೋಗೆ ತುದಿಯಿಂದ ಹಳದಿಯಾಗುತ್ತದೆ, ಕಾಯಿಯ ಒಳಗೆ ಕಪ್ಪು, ವರ್ಷದಿಂದ ವರ್ಷಕ್ಕೆ ಫಸಲು ಇಳಿಯುತ್ತದೆ. ಕತ್ತಿ ಅದ್ದಿ ನೋಡಿ ತಯಾರಿಸುವ ಮದ್ದು ಇದಕ್ಕಿಲ್ಲ. ಬರಿಗಣ್ಣಿಗೆ ಕಾಣದ ಜೀವಿಯೊಂದು ಜಿಗಿಹುಳದ ಮೂಲಕ ಇದನ್ನು ಹರಡಿಸುತ್ತದೆ ಅನ್ನುತ್ತಾರೆ ವಿಜ್ಞಾನಿಗಳು. ಅಪ್ಪನಿಗೆ ಎಂಬತ್ತು ದಾಟಿದೆ. ಬೇಸರ ಇದೆಯಾ ಅಂತ ಕೇಳಿದರೆ, "ಗದ್ದೆ ಇದ್ದದ್ದು ತೋಟ ಆಯ್ತು. ತೋಟ ಹೋದರೆ ಇನ್ನೊಂದು ಎಂತದೋ ಆಗ್ತದೆ. ನೆಲ ಎಲ್ಲಿಗೂ ಹೋಗುವುದಿಲ್ಲ" ಅನ್ನುತ್ತಾರೆ. ಹೋಗುವವರು ನಾವು ಅಂತ ಬಾಯಿ ಬಿಟ್ಟು ಹೇಳುವುದಿಲ್ಲ.

ಇನ್ನು ಮಕ್ಕಳ ವಿಷಯ. ನನ್ನ ಮಗಳು ಹುಟ್ಟಿದ್ದು ಇಲ್ಲೇ. ಗರ್ಬಾ ಚೆನ್ನಾಗಿ ಆಡುತ್ತಾಳೆ, ಗುಜರಾತಿ ನನಗಿಂತ ಚಂದ ಮಾತಾಡುತ್ತಾಳೆ. ಕನ್ನಡ ಅಕ್ಷರ ಕಲಿಸಲು ನಾವು ಪಟ್ಟ ಪಾಡು ಒಂದೆರಡಲ್ಲ. ಕಾಪಿ ಪುಸ್ತಕ ತಂದೆವು, ಗೋಡೆಗೆ ಅಕ್ಷರಮಾಲೆ ಅಂಟಿಸಿದೆವು, ಭಾನುವಾರದ ಕ್ಲಾಸಿಗೆ ಕಳಿಸಿದೆವು. ಆ ಕ್ಲಾಸಿಗೆ ಹೋಗುವಾಗ ಹೊಟ್ಟೆನೋವು, ಬಂದ ಮೇಲೆ ಗುಣ. ಒಂದು ದೀಪಾವಳಿ ರಜೆಯಲ್ಲಿ ಊರಿಗೆ ಹೋದಾಗ ಅಪ್ಪನ ಕಣ್ಣಿನ ಪೊರೆ ತೆಗೆದಾಗಿತ್ತು, ಪೇಪರ್ ಓದಬಾರದು ಅಂದಿದ್ದರು ಡಾಕ್ಟ್ರು. ಅಡಿಕೆ ಧಾರಣೆ ನೋಡದೆ ಅವರಿಗೆ ಬೆಳಗಾಗುವುದಿಲ್ಲ. ನಮಗೆಲ್ಲ ಬೇರೆ ಕೆಲಸ. "ಪುಟ್ಟಿ, ನೀನೇ ಓದು" ಅಂದರು. ಮೊದಲ ದಿನ ಅವಳು "ಹೊ... ಸ... ದು" ಅಂತ ಕೂಡಿಸಿ ಓದುವಷ್ಟರಲ್ಲಿ ಅಜ್ಜನ ಚಾ ತಣ್ಣಗಾಯಿತು. ಅಜ್ಜ ಬೈಯಲಿಲ್ಲ. ಅವರಿಗೆ ಧಾರಣೆ ನಿಜವಾಗಿಯೂ ಬೇಕಿತ್ತು, ಆದ್ದರಿಂದ ಕಾದರು. ರಜೆ ಮುಗಿಯುವಾಗ ಹುಡುಗಿ ಹಳೆ ಅಡಿಕೆ, ಹೊಸ ಅಡಿಕೆ, ಕೋಕ, ಪಟೋರ ಎಲ್ಲ ಸರಾಗವಾಗಿ ಓದಿ, ಕೆಳಗಿದ್ದ ಕಾಳುಮೆಣಸು, ರಬ್ಬರಿನ ದರವನ್ನೂ ಬಿಡದೆ ಹೇಳುತ್ತಿದ್ದಳು. ಧಾರಣೆ ಏರಿದ ದಿನ ಕ್ಯಾಂಪ್ಕೋ ಚಾಕಲೇಟು. ಇಳಿದ ದಿನ ಅವಳೇ ಅಜ್ಜನಿಗೆ ಸಮಾಧಾನ ಹೇಳುತ್ತಿದ್ದಳು.

ನನಗೆ ಅನ್ನಿಸುವುದು ಇಷ್ಟೇ. ನಮ್ಮ ಮಕ್ಕಳಿಗೆ ನಾವು ಕನ್ನಡ ಕಲಿಸುತ್ತೇವೆ, ಕನ್ನಡದಲ್ಲಿ ಮಾಡಲು ಕೆಲಸ ಕೊಡುವುದಿಲ್ಲ. ರಾಜ್ಯೋತ್ಸವಕ್ಕೆ ಒಂದು ಹಾಡು, ವಾರ್ಷಿಕೋತ್ಸವಕ್ಕೆ ಒಂದು ಡ್ಯಾನ್ಸು, ಅಲ್ಲಿಗೆ ಮುಗಿಯಿತು. ಅವರು ಓದದಿದ್ದರೆ ಯಾರದ್ದೂ ಏನೂ ನಿಲ್ಲುವುದಿಲ್ಲ ಅಂತ ಅವರಿಗೂ ಗೊತ್ತು. ಮಕ್ಕಳು ಬುದ್ಧಿವಂತರು ಸ್ವಾಮಿ.

ಹಾಗಾದರೆ ಎಂತ ಕೆಲಸ ಕೊಡುವುದು? ಅದಕ್ಕೆ ಈಗ ನನ್ನ ಹಳೇ ರಾಗ. ಸಮಿತಿಯವರು ಆಗಲೇ ನಗುತ್ತಿದ್ದಾರೆ. ನನ್ನ ಕೈಗೆ ಮೈಕು ಸಿಕ್ಕರೆ ಮಾತು ತೋಡಿಗೆ ಹಾಕುವ ಕಟ್ಟಕ್ಕೆ ಹೋಗಿಯೇ ನಿಲ್ಲುತ್ತದೆ ಅಂತ ಅವರಿಗೆ ಗೊತ್ತು. ಅಹಮದಾಬಾದಿನಲ್ಲಿ ವರ್ಷಕ್ಕೆ ಬೀಳುವುದು 800 ಮಿಲಿಮೀಟರ್ ಆಸುಪಾಸು ಮಳೆ. ನಮ್ಮ ಜಿಲ್ಲೆಯಲ್ಲಿ 4000ದ ಹತ್ತಿರ. ಆದರೂ ಮಾರ್ಚ್ ಬಂದರೆ ನಮ್ಮ ತೋಟ ಬಾಯಿ ಬಿಡುತ್ತದೆ. ಅದಕ್ಕೆ ಹಿರಿಯರು ಮಳೆಗಾಲ ಕಳೆದು ತೋಡಿನ ನೀರು ಇಳಿಯುವಾಗ, ಡಿಸೆಂಬರ್ ಹೊತ್ತಿಗೆ, ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ತುಂಡು ಹಾಕಿ ಅಡ್ಡಕ್ಕೆ ಕಟ್ಟ ಕಟ್ಟುತ್ತಿದ್ದರು. ಅಪ್ಪನ ಪ್ರಾಯದವರೆಲ್ಲ ಸಂಬಳ ಇಲ್ಲದೆ ಸೇರುತ್ತಿದ್ದರು. ಮೇಲಿನ ತೋಟಕ್ಕೆ ನೀರು, ಕೆಳಗಿನವರ ಬಾವಿಯಲ್ಲಿ ಒರತೆ. ಮೊದಲ ಮಳೆಗೆ ಕಟ್ಟ ಕೊಚ್ಚಿಕೊಂಡು ಹೋಗುತ್ತಿತ್ತು, ಮರುವರ್ಷ ಮತ್ತೆ ಕಟ್ಟುತ್ತಿದ್ದರು. ಕೊಳವೆ ಬಾವಿ ಬಂದ ಮೇಲೆ ಕಟ್ಟ ನಿಂತಿತು. ಈಗ ಅಲ್ಲಲ್ಲಿ ಕೆಲವರು ಮತ್ತೆ ಕಟ್ಟುತ್ತಿದ್ದಾರೆ, ಮರಳಿನ ಚೀಲ ಇಟ್ಟಾದರೂ. ನಾವು ಊರಿಂದ ಬಂದ ನೆಂಟರನ್ನು ಅಡಾಲಜ್‌ನ ಮೆಟ್ಟಿಲು ಬಾವಿಗೆ ಕರೆದುಕೊಂಡು ಹೋಗಿ, 1499ರದ್ದು, ಐದು ಅಂತಸ್ತು ಅಂತ ಬಾಯಿ ತುಂಬ ಹೇಳುತ್ತೇವೆ. ನಮ್ಮ ಮಕ್ಕಳಿಗೆ ನಮ್ಮ ಕಟ್ಟ ತೋರಿಸಿದ್ದೇವೆಯೇ?

ಡಿಸೆಂಬರಿನಲ್ಲಿ ಊರಿಗೆ ಹೋಗುವವರು ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿಕೊಂಡು ಒಂದು ದಿನ ಉಳಿಸಿಕೊಳ್ಳಿ. ಎಲ್ಲಿ ಕಟ್ಟ ಕಟ್ಟುತ್ತಿದ್ದಾರೆ ಅಂತ ವಿಚಾರಿಸಿ ಮಕ್ಕಳನ್ನು ಇಳಿಸಿ. ಕಲ್ಲು ಕೊಡು, ಆ ಚೀಲ ತಾ, ಅಲ್ಲಿ ಜಾರುತ್ತದೆ ಅಂತ ಒಂದು ದಿನವಿಡೀ ಅವರ ಕಿವಿಗೆ ಬೀಳಲಿ. ಅಷ್ಟು ಕನ್ನಡವನ್ನು ಒಂದು ವರ್ಷದ ಭಾನುವಾರಗಳಲ್ಲೂ ನಮಗೆ ಕೊಡಲಿಕ್ಕಾಗುವುದಿಲ್ಲ.

ಕೊನೆಯದಾಗಿ ಸಂಘಕ್ಕೆ ಒಂದು ಕೋರಿಕೆ. ಮುಂದಿನ ವರ್ಷದ ಸ್ಮರಣ ಸಂಚಿಕೆಯಲ್ಲಿ ನಮ್ಮ ಫೋಟೊ ಸ್ವಲ್ಪ ಕಡಿಮೆ ಮಾಡಿ, ಮಕ್ಕಳಿಗೆ ಹತ್ತು ಪುಟ ಬಿಡಿ. ಪ್ರತಿ ಮಗುವೂ ತನ್ನ ಅಜ್ಜನೋ ಅಜ್ಜಿಯೋ ಮಾಡುತ್ತಿದ್ದ ಕೆಲಸದ ಬಗ್ಗೆ ಒಂದು ಪುಟ ಬರೆಯಲಿ. ಇಲ್ಲಿ ಹೋಟೆಲಿನಲ್ಲಿ ದೋಸೆ ಹೊಯ್ದು ಮನೆ ಕಟ್ಟಿದವರಿದ್ದಾರೆ, ಬಸ್ಸು ಓಡಿಸಿದವರಿದ್ದಾರೆ, ಬ್ಯಾಂಕಿನ ಲೆಡ್ಜರು ಬರೆದವರಿದ್ದಾರೆ, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಅಮ್ಮಂದಿರಿದ್ದಾರೆ. ಇವತ್ತು ರಾತ್ರಿಯೇ ಶುರು ಮಾಡಬಹುದು. ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ, ಮಳೆ ಉಂಟಾ" ಮುಗಿದ ಮೇಲೆ ಫೋನನ್ನು ಮಗುವಿನ ಕೈಗೆ ಕೊಡಿ. "ಅಜ್ಜ, ನನ್ನ ಪ್ರಾಯದಲ್ಲಿ ನೀವು ಎಂತ ಕೆಲಸ ಮಾಡ್ತಿದ್ರಿ?" ಅಂತ ಕೇಳಲಿ. ಆ ಕಡೆಯವರು ಬೇಗ ಫೋನ್ ಇಡುವುದಿಲ್ಲ, ಅದಕ್ಕೆ ನಾನು ಹೊಣೆ.

ಒತ್ತಕ್ಷರ ತಪ್ಪಿದರೆ ತಿದ್ದಲು ಸಂಘದಲ್ಲಿ ಬೇಕಾದಷ್ಟು ಜನ ಇದ್ದೇವೆ. ಬರೆಯುವವರು ಬೇಕಾಗಿದ್ದಾರೆ. ಹೆಸರು ಕೊಡುವವರು ಊಟದ ಹಾಲ್‌ನ ಬಾಗಿಲಲ್ಲಿ ಕಾರ್ಯದರ್ಶಿಗಳ ಹತ್ತಿರ ಕೊಡಿ. ಮೊದಲನೇ ಹೆಸರು ನನ್ನ ಮಗಳದ್ದು, ಆಗಲೇ ಬರೆಸಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ.