ಶಿಫಾರಸಿನ ಮೇಲೆ ಬಂದ ಕ್ಯಾಚರ್



ಕ್ರಿಕೆಟ್ಟಿನ ವಿಕೆಟ್ ಕೀಪರ್ ನಿಮಗೆಲ್ಲ ಪರಿಚಿತ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಅವನ ಜಾಗದಲ್ಲಿ ಕೂರುವವನು ಕ್ಯಾಚರ್. ಹೌದು, ಕೂರುವವನೇ. ಮುಖಕ್ಕೆ ಜಾಲರಿ, ಎದೆಗೆ ಕವಚ, ಕಾಲಿಗೆ ಪ್ಯಾಡು ಕಟ್ಟಿಕೊಂಡು, ಬ್ಯಾಟ್ ಹಿಡಿದವನ ಬೆನ್ನ ಹಿಂದೆ ಆಟದುದ್ದಕ್ಕೂ ಕುಕ್ಕರಗಾಲಿನಲ್ಲಿ ಕೂತಿರಬೇಕು. ಚೆಂಡು ಎಸೆಯುವ ಪಿಚರ್ ನಿಲ್ಲುವುದು 60 ಅಡಿ 6 ಅಂಗುಲ ದೂರದಲ್ಲಿ. ಮುಂದಿನ ಚೆಂಡು ಯಾವ ಬಗೆಯದಿರಬೇಕು ಎಂದು ಅವನಿಗೆ ತಿಳಿಸುವುದೂ ಸಾಮಾನ್ಯವಾಗಿ ಕ್ಯಾಚರನ ಕೆಲಸ. ಅಷ್ಟರಲ್ಲಿ ಎದುರಾಳಿಯೊಬ್ಬ ಎರಡನೇ ಬೇಸಿಗೆ ಕದ್ದು ಓಡಿದರೆ, ಚೆಂಡು ಹಿಡಿದು, ಎದ್ದು, 127 ಅಡಿಗೂ ಮಿಕ್ಕಿದ ದೂರಕ್ಕೆ ಸುಮಾರು ಎರಡೇ ಸೆಕೆಂಡುಗಳಲ್ಲಿ ತಲುಪಿಸಬೇಕು. ಇಪ್ಪತ್ತರ ಹರೆಯದಲ್ಲಿ ಹೊಸದಾಗಿ ಕಲಿಯುವುದಕ್ಕೆ ಇದು ಸುಲಭದ ವಿದ್ಯೆಯಲ್ಲ.

ಹಾಗೆ ಕಲಿತವನೊಬ್ಬನ ಕತೆ ಹೇಳುತ್ತೇನೆ. ಹೆಸರು ಮೈಕ್ ಪಿಯಾಜಾ. ಹುಟ್ಟಿದ್ದು 1968ರಲ್ಲಿ, ಪೆನ್ಸಿಲ್ವೇನಿಯಾ ರಾಜ್ಯದಲ್ಲಿ. ತಂದೆ ವಿನ್ಸ್ ಕಾರು ಮಾರಾಟದ ವ್ಯಾಪಾರಿ, ಅನುಕೂಲಸ್ಥರು. ಮಗ ಹೊಡೆತ ಅಭ್ಯಾಸ ಮಾಡಲೆಂದು ಮನೆಯ ಹಿತ್ತಲಿನಲ್ಲೇ ಬಲೆಯ ಪಂಜರ ಕಟ್ಟಿಸಿಕೊಟ್ಟಿದ್ದರು. ಹುಡುಗ ಚೆಂಡನ್ನು ಬಲವಾಗಿ ಹೊಡೆಯುತ್ತಿದ್ದ, ನಿಜ. ಆದರೆ ಓಟ ನಿಧಾನ. ಆಡುತ್ತಿದ್ದುದು ಮೊದಲ ಬೇಸಿನ ಬಳಿ. ಕ್ಯಾಚರನ ಕೈಗವಸಿನ ಅಭ್ಯಾಸವಿರಲಿಲ್ಲ. ಮಯಾಮಿ ವಿಶ್ವವಿದ್ಯಾಲಯದ ತಂಡಕ್ಕೆ ಸೇರಿದ ವರ್ಷ ಅವನು ಬೆಂಚು ಕಾಯ್ದದ್ದೇ ಹೆಚ್ಚು. ಅಲ್ಲಿಂದ ಹೊರಟು ಮಯಾಮಿ-ಡೇಡ್ ಎಂಬ ಸಮುದಾಯ ಕಾಲೇಜಿಗೆ ಬಂದ.

ಅಮೆರಿಕದಲ್ಲಿ ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. 1988ರ ಡ್ರಾಫ್ಟಿನಲ್ಲಿ ಮೈಕ್‌ನ ಹೆಸರು ಬಂದದ್ದು 62ನೇ ಸುತ್ತಿನಲ್ಲಿ, 1390ನೆಯವನಾಗಿ! ಅದೂ ಪ್ರತಿಭೆ ಕಂಡು ಅಲ್ಲ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಮ್ಯಾನೇಜರ್ ಟಾಮಿ ಲಸೋರ್ಡಾ ಅವರು ವಿನ್ಸ್ ಅವರ ಊರಿನವರು, ಹಳೆಯ ಗೆಳೆಯರು. ಗೆಳೆಯನ ಮಗನ ಹೆಸರೂ ಪಟ್ಟಿಯಲ್ಲಿರಲಿ ಎಂದು ಹೇಳಿ ಬರೆಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ವಶೀಲಿ. (ಇಂಥ ಕೊನೆಯ ಬಾಗಿಲು ಈಗ ಇಲ್ಲ. 2021ರಿಂದ ಡ್ರಾಫ್ಟ್ 20 ಸುತ್ತುಗಳಿಗೇ ಮುಗಿಯುತ್ತದೆ.)

ಹೆಸರು ಬಂತು, ಕರೆ ಬರಲಿಲ್ಲ. ಕೊನೆಗೆ ಲಸೋರ್ಡಾ ಅವರೇ ಡಾಡ್ಜರ್ಸ್ ಮೈದಾನದಲ್ಲಿ ಪರೀಕ್ಷೆಯೊಂದನ್ನು ಏರ್ಪಡಿಸಿದರು. ಹುಡುಗ ಚೆಂಡುಗಳನ್ನು ದೂರದ ಆಸನಗಳಿಗೇ ಹೊಡೆದ. ಆದರೂ ಆಯ್ಕೆಯ ಅಧಿಕಾರಿಗೆ ಉತ್ಸಾಹವಿಲ್ಲ. ಮೊದಲ ಬೇಸಿನ ಆಟಗಾರರಿಗೇನು ಬರವೇ? ಹೀಗೆ ಹೊಡೆಯುವ ಕ್ಯಾಚರ್ ಸಿಕ್ಕರೆ ತೆಗೆದುಕೊಳ್ಳುವಿರಾ ಎಂದು ಲಸೋರ್ಡಾ ಕೇಳಿದರಂತೆ. ಖಂಡಿತ ಎಂದರು. ಹಾಗಾದರೆ ಇವನು ಕ್ಯಾಚರೇ! ಆ ಕ್ಷಣದಿಂದ ಅವನು ಕ್ಯಾಚರ್.

ಶಿಫಾರಸು ನಡೆದದ್ದು ಇಲ್ಲಿಯವರೆಗೆ. ಮುಂದೆ ಚೆಂಡು ಹಿಡಿಯಬೇಕಾದದ್ದು ಅವನೇ ತಾನೆ? ಕಲಿಯುವುದಕ್ಕಾಗಿ ಅವನು ಡೊಮಿನಿಕನ್ ಗಣರಾಜ್ಯದಲ್ಲಿ ಡಾಡ್ಜರ್ಸ್ ನಡೆಸುತ್ತಿದ್ದ ಕಾಂಪೋ ಲಾಸ್ ಪಾಲ್ಮಾಸ್ ಶಿಬಿರಕ್ಕೆ ಹೋದ. ಅಲ್ಲಿದ್ದವರು ಆ ಕೆರಿಬಿಯನ್ ಸೀಮೆಯ ಹುಡುಗರು, ಮಾತು ಸ್ಪ್ಯಾನಿಷ್. ಪಿಚರನ ಜೊತೆ ಮಾತನಾಡಲಾರದ ಕ್ಯಾಚರನಿಂದ ಏನು ಪ್ರಯೋಜನ? ನೆಲಕ್ಕೆ ಬಡಿದು ಪುಟಿಯುವ ಚೆಂಡಿಗೆ ಎದೆಯೊಡ್ಡುವುದನ್ನೂ ಭಾಷೆಯನ್ನೂ ಒಟ್ಟೊಟ್ಟಿಗೆ ಕಲಿಯಬೇಕಾಯಿತು. ಅನುಕೂಲಸ್ಥರ ಮಗ ತಾನಾಗಿ ಹೋಗಿ ಅಲ್ಲಿ ನಿಂತ ಎಂಬುದು ಈ ಕತೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ.

ಮೈನರ್ ಲೀಗ್ ಎಂದರೆ ದೊಡ್ಡ ತಂಡಗಳ ಕೆಳಗಿನ ಮೆಟ್ಟಿಲುಗಳು. ಚಿಕ್ಕ ಊರು, ದೀರ್ಘ ಬಸ್ ಪ್ರಯಾಣ, ಅಲ್ಪ ಸಂಬಳ. ಆ ಆಟಗಾರರಿಗೆ ಸಂಘದ ಮೂಲಕ ಮೊದಲ ವೇತನ ಒಪ್ಪಂದ ದೊರೆತದ್ದೇ 2023ರಲ್ಲಿ. ಮೈಕ್ 1989ರಲ್ಲಿ ಆರಿಗನ್ ರಾಜ್ಯದ ಸೇಲಂ ತಂಡದಲ್ಲಿ ಶುರು ಮಾಡಿದ. ಮರುವರ್ಷ ಫ್ಲಾರಿಡಾದ ವೀರೋ ಬೀಚ್. ಆ ವರ್ಷ ಕೆಟ್ಟದ್ದು. ಇಡೀ ಋತುವಿನಲ್ಲಿ ಆರೇ ಹೋಂ ರನ್. ಜೊತೆಗೆ, ಇವನು ಮ್ಯಾನೇಜರನ ಕಡೆಯವನು ಎಂಬ ಗುಸುಗುಸು. ಬೇಸತ್ತು ಒಮ್ಮೆ ತಂಡ ಬಿಟ್ಟು ಹೊರಟೇಬಿಟ್ಟ. ನಂತರ ಹಿಂದಿರುಗಿದ. 1991ರಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ 29 ಹೋಂ ರನ್ ಹೊಡೆದ ಮೇಲೆ ಗುಸುಗುಸು ತಗ್ಗಿತು. 1992ರಲ್ಲಿ ಸ್ಯಾನ್ ಆಂಟೋನಿಯೋ, ಆಲ್ಬುಕರ್ಕಿ ಎಂದು ಎರಡು ಮೆಟ್ಟಿಲು ಹತ್ತಿ, ಸೆಪ್ಟೆಂಬರ್ 1ರಂದು ಷಿಕಾಗೋದಲ್ಲಿ ಡಾಡ್ಜರ್ಸ್ ಪರ ಮೊದಲ ಪಂದ್ಯ ಆಡಿದ. ಮರುವರ್ಷ 35 ಹೋಂ ರನ್. ತನ್ನ ಲೀಗಿನ ವರ್ಷದ ಹೊಸ ಆಟಗಾರ ಎಂಬ ಪ್ರಶಸ್ತಿ.

ಹಾಗೆಂದು ಎಲ್ಲವೂ ಕೈಗೆ ಬಂತೆಂದಲ್ಲ. ಎರಡನೇ ಬೇಸಿಗೆ ಚೆಂಡೆಸೆಯುವುದರಲ್ಲಿ ಅವನು ಕೊನೆಯವರೆಗೂ ಹಿಂದೆಯೇ. ಎದುರಾಳಿಗಳು ಅವನ ಮುಂದೆ ಧೈರ್ಯವಾಗಿ ಕದ್ದು ಓಡುತ್ತಿದ್ದರು. ತಡವಾಗಿ ಕಲಿತ ವಿದ್ಯೆಯ ಗುರುತು ಎಂದು ನನಗೆ ತೋರುತ್ತದೆ. ಆದರೆ 1995ರ ಜುಲೈ 14ರಂದು ಡಾಡ್ಜರ್ಸ್ ಪಿಚರ್ ರಮೋನ್ ಮಾರ್ಟಿನೆಸ್, ಎದುರಾಳಿ ತಂಡಕ್ಕೆ ಒಂದೇ ಒಂದು ಸಫಲ ಹೊಡೆತವನ್ನೂ ಬಿಟ್ಟುಕೊಡದೆ ಪಂದ್ಯ ಮುಗಿಸಿದರು. ಮಾರ್ಟಿನೆಸ್ ಡೊಮಿನಿಕನ್ ಗಣರಾಜ್ಯದವರು. ಅಂದು ಅವರೆದುರು ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿದವನು ಮೈಕ್ ಪಿಯಾಜಾ.