ಕೆಮ್ಮುವವನಿಗೆ ತಿಳಿಯದೆಂದಲ್ಲ

(ನಮ್ಮ ಸದಸ್ಯರು ಪ್ರವಾಸ ಹೋದಾಗ ದೌಲತಾಬಾದ್ ಕೋಟೆಯ ಬುಡದಲ್ಲಿ ಮಾಡಿದ ಭಾಷಣ)



ಊಟಕ್ಕೆ ಮುಂಚೆ ಆರೋಗ್ಯದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಸ್ಥಳವೇನೋ ತಕ್ಕದ್ದೇ. ಇದು ಹಿಂದಿನ ದೇವಗಿರಿ, ಸೇವುಣ ಅರಸರ ರಾಜಧಾನಿ. ಅವರ ಶಾಸನಗಳಲ್ಲಿ ಕನ್ನಡದವು ಬಹಳ ಇವೆ. ಆದ್ದರಿಂದ ಇಲ್ಲಿ ಕನ್ನಡದಲ್ಲಿ ಮಾತಾಡಲು ನಾವು ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ! ಆಮೇಲೆ 1327ರಲ್ಲಿ ಮಹಮ್ಮದ್ ಬಿನ್ ತುಘಲಕ್ ಇದನ್ನೇ ರಾಜಧಾನಿಯೆಂದು ಸಾರಿ, ದಿಲ್ಲಿಯ ದೊಡ್ಡ ಮನೆತನದವರನ್ನು ಇಲ್ಲಿಗೆ ಹೊರಡಿಸಿದ. ಅಪ್ಪಣೆಯಾಯಿತು, ಜನ ಬಂದರು. ಮನಸ್ಸು ಮಾತ್ರ ದಿಲ್ಲಿಯಲ್ಲೇ ಉಳಿಯಿತು. ಕೆಲವೇ ವರ್ಷಗಳಲ್ಲಿ ಅವರನ್ನು ಹಿಂದಕ್ಕೆ ಹೋಗಬಿಡಬೇಕಾಯಿತು. "ಬೀಡಿ ಬಿಡು", "ಆಸ್ಪತ್ರೆಗೆ ಹೋಗು" ಎಂದು ಗೋಡೆಗೆ ಬರೆಸಿ ಕೈತೊಳೆದುಕೊಳ್ಳುವವರೂ ಇದೇ ತಪ್ಪನ್ನು ಮಾಡುತ್ತಾರೆ.

ಅಮೆರಿಕದ ಸರ್ಕಾರಕ್ಕೂ ಒಮ್ಮೆ ಇದೇ ಪೇಚು ಬಂದಿತ್ತು. 1950ರ ಸುಮಾರಿಗೆ ಅಲ್ಲಿ ಕ್ಷಯವನ್ನು ಕಂಡುಹಿಡಿಯಲು ಎಕ್ಸ್-ರೇ ಗಾಡಿಗಳನ್ನು ಮನೆ ಬಾಗಿಲಿನ ಹತ್ತಿರಕ್ಕೇ ಕಳಿಸಿದರು. ಕಾಸು ಕೊಡಬೇಕಾಗಿರಲಿಲ್ಲ, ಆದರೂ ಬಹಳ ಜನ ಬರಲಿಲ್ಲ. ಹಾಕ್‌ಬಾಮ್ ಎಂಬ ಮನಶ್ಶಾಸ್ತ್ರಜ್ಞರು ಮೂರು ಪಟ್ಟಣಗಳಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಜನರನ್ನು ವಿಚಾರಿಸಿ 1958ರಲ್ಲಿ ವರದಿ ಕೊಟ್ಟರು. "ಈ ರೋಗ ನನಗೂ ಬರಬಹುದು", "ಬೇಗ ಪತ್ತೆಯಾದರೆ ಒಳ್ಳೆಯದು" ಎಂಬ ಎರಡು ನಂಬಿಕೆಗಳೂ ಇದ್ದವರಲ್ಲಿ ನೂರಕ್ಕೆ 82 ಮಂದಿ ತಾವಾಗಿಯೇ ಎಕ್ಸ್-ರೇ ತೆಗೆಸಿಕೊಂಡಿದ್ದರು. ಎರಡೂ ಇಲ್ಲದವರಲ್ಲಿ 21 ಮಂದಿ ಮಾತ್ರ. ಇದರಿಂದ ಬೆಳೆದ ಸಿದ್ಧಾಂತದ ಸಾರ ಇಷ್ಟು: ರೋಗ ತನ್ನ ಮೈಮೇಲೆ ಬಂದೀತೇ, ಬಂದರೆ ಎಷ್ಟು ಕೆಡುಕು, ಉಪಾಯದಿಂದ ಲಾಭವೆಷ್ಟು, ಅದಕ್ಕೆ ಅಡ್ಡಿಗಳೆಷ್ಟು ಎಂದು ಮನುಷ್ಯ ಒಳಗೊಳಗೇ ತೂಗುತ್ತಾನೆ. ತಕ್ಕಡಿ ಎತ್ತ ವಾಲಿದರೆ ಅತ್ತ ಹೆಜ್ಜೆಯಿಡುತ್ತಾನೆ.

ಇದನ್ನು ಕೇಳಿ, "ಹಾಗಾದರೆ ನಮ್ಮ ಜನಕ್ಕೆ ಆ ತಿಳಿವಳಿಕೆಯೇ ಇಲ್ಲ" ಎಂದು ತಲೆಯಾಡಿಸುವವರಿದ್ದಾರೆ. ಅವರಿಗೆ ತುಮಕೂರು ಜಿಲ್ಲೆಯ ಕತೆ ಹೇಳಬೇಕು.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿನ ಡಾ. ಬ್ಯಾನರ್ಜಿ ಹಾಗೂ ಡಾ. ಆಂಡರ್ಸನ್ ಅವರು ತುಮಕೂರಿನ ಹಳ್ಳಿಗಳಲ್ಲಿ ಕ್ಷಯವಿದ್ದವರನ್ನು ಮಾತಾಡಿಸಿ 1963ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಳ್ಳಿಯವನಿಗೆ ಏನೂ ತಿಳಿಯದು, ಮನೆಮನೆಗೆ ಹೋಗಿ ಅವನನ್ನು ಹುಡುಕಬೇಕು ಎಂದು ದೊಡ್ಡವರು ನಂಬಿದ್ದ ಕಾಲ ಅದು. ಆದರೆ ರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮ್ಮ ಕೆಮ್ಮು, ಜ್ವರ, ಎದೆನೋವಿನ ಅರಿವಿತ್ತು, ಚಿಂತೆಯೂ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಸಿಕ್ಕಿದ್ದೇನು? ಒಂದು ಸೀಸೆ ಕೆಮ್ಮಿನ ಔಷಧಿ! ಕಫ ನೋಡಿದವರಿಲ್ಲ. ಅಂದರೆ ತಿದ್ದಿಕೊಳ್ಳಬೇಕಾದವನು ಬರೀ ರೋಗಿಯಲ್ಲ, ಮೇಜಿನ ಆಚೆ ಕುಳಿತವನೂ ಹೌದು. ಕೆಮ್ಮೆಂದು ತಾನಾಗಿ ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಗಳಲ್ಲೇ ಪರೀಕ್ಷಿಸಬೇಕೆಂಬ ದಾರಿಯನ್ನು ನಮ್ಮ ದೇಶದ ಕ್ಷಯ ಕಾರ್ಯಕ್ರಮ ಹಿಡಿದದ್ದು ಇಂಥ ಕೆಲಸದ ಬಲದಿಂದಲೇ. ಮನಶ್ಶಾಸ್ತ್ರದ ಹೆಸರಿನಲ್ಲಿ ಬಡವನಿಗೆ ಬುದ್ಧಿ ಹೇಳಲು ಹೊರಡುವವರು ಈ ವರದಿಯನ್ನು ಮೊದಲು ಓದಲಿ ಎಂಬುದು ನಮ್ಮ ಅಭಿಪ್ರಾಯ.

ಈಗ ನಮ್ಮ ತಕ್ಕಡಿಯನ್ನೇ ನೋಡೋಣ. ಹೋಟೆಲಿನ ಮಾಣಿಯೊಬ್ಬನಿಗೆ ಮೂರು ವಾರದಿಂದ ಕೆಮ್ಮು. ಕ್ಷಯವೇನೆಂದು ಅವನಿಗೆ ಗೊತ್ತು. ಗಿರಣಿಯಲ್ಲಿದ್ದ ಚಿಕ್ಕಪ್ಪ ಅದರಿಂದಲೇ ಹೋದದ್ದನ್ನು ಊರಲ್ಲಿ ಕೇಳಿದ್ದಾನೆ. ಆದರೆ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಅರ್ಧ ದಿನದ ಸಂಬಳ ಹೋಯಿತು. ಸುದ್ದಿ ಗಲ್ಲಾದವರಿಗೆ ಮುಟ್ಟಿದರೆ ಕೆಲಸ ಹೋಯಿತು. ಕೆಲಸ ಹೋದರೆ ಮಲಗುವ ಜಾಗವೂ ಹೋಯಿತು, ಏಕೆಂದರೆ ಅವನು ಮಲಗುವುದು ಹೋಟೆಲಿನಲ್ಲೇ. ಇಷ್ಟು ಭಾರವನ್ನು ಒಂದು ತಟ್ಟೆಗೆ ಹಾಕಿ, ಇನ್ನೊಂದು ತಟ್ಟೆಗೆ ಬಣ್ಣದ ಭಿತ್ತಿಪತ್ರ ಇಟ್ಟರೆ ತೂಕ ಸರಿಹೋದೀತೇ?

ಜೊತೆಗೆ ಮಲಗುವವರ ಹೆದರಿಕೆಯೂ ಒಂದು ಅಡ್ಡಿ. ಮದರಾಸಿನಲ್ಲಿ ನಡೆದ ಪ್ರಯೋಗದ ಫಲ 1959ರಲ್ಲೇ ಹೊರಬಂದಿದೆ: ಮನೆಯಲ್ಲಿದ್ದು ಮದ್ದು ತಿಂದವರೂ ಸ್ಯಾನಟೋರಿಯಂ ಸೇರಿದವರಷ್ಟೇ ಚೆನ್ನಾಗಿ ಗುಣವಾದರು; ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವಾಗಲಿಲ್ಲ. ಮದ್ದು ಹಿಡಿದ ಕೆಲವು ವಾರಗಳಲ್ಲಿ ರೋಗ ಹರಡುವ ಶಕ್ತಿ ಬಹಳ ಕುಗ್ಗುತ್ತದೆ. ಭಯಪಡಬೇಕಾದದ್ದು ಮದ್ದು ತಿನ್ನುವವನಿಗಲ್ಲ, ಮುಚ್ಚಿಟ್ಟು ಕೆಮ್ಮುವವನಿಗೆ.

ಇನ್ನೊಂದು ಗಂಡಾಂತರ ಎರಡನೆಯ ತಿಂಗಳಿನದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮದ್ದು, ಸರ್ಕಾರದಿಂದ ಉಚಿತ. ಎರಡು ತಿಂಗಳಲ್ಲಿ ಕೆಮ್ಮು ನಿಂತು, ಹಸಿವಾಗಿ, ಮೈ ತುಂಬುತ್ತದೆ. ಭಯ ಇಳಿಯಿತು, ಗುಳಿಗೆಯ ಹೇಸಿಗೆ ಉಳಿಯಿತು, ತಕ್ಕಡಿ ತಿರುಗಿತು. "ಗುಣವಾಯಿತಲ್ಲ" ಎಂದು ಊರ ಬಸ್ಸು ಹತ್ತುತ್ತಾನೆ. ಒಳಗೆ ಉಳಿದ ಕ್ರಿಮಿ ಮದ್ದಿಗೆ ಬಗ್ಗದಂತಾಗಿ ಮೇಲೇಳಬಹುದು.

ಬೀಡಿ, ತಂಬಾಕಿನ ಮಾತು ಸ್ವಲ್ಪ ಬೇರೆ. "ಹುಟ್ಟುಗುಣ ಸುಟ್ಟರೂ ಹೋಗದು" ಎನ್ನುತ್ತಾರಲ್ಲ, ಬೀಡಿ ಹುಟ್ಟುಗುಣವಲ್ಲ. ಪಾಳಿಯ ನಡುವೆ ಐದು ನಿಮಿಷ ಕೂರಲು ಸಿಕ್ಕ ನೆಪ. 1983ರಲ್ಲಿ ಪ್ರೊಚಾಸ್ಕ, ಡಿಕ್ಲಿಮೆಂಟೆ ಎಂಬಿಬ್ಬರು ತಾವಾಗಿ ಹೊಗೆ ಬಿಡುತ್ತಿದ್ದವರನ್ನು ಗಮನಿಸಿ, ಬಿಡುವುದು ಒಂದೇ ನೆಗೆತವಲ್ಲ, ಹಂತಗಳುಂಟು, ಜಾರಿ ಬಿದ್ದು ಮತ್ತೆ ಏಳುವುದೂ ಅದರಲ್ಲೇ ಸೇರಿದೆ ಎಂದರು. ಈ ಹಂತಗಳ ಲೆಕ್ಕವನ್ನು ಒಪ್ಪದ ಪಂಡಿತರೂ ಇದ್ದಾರೆ. ಆದರೂ ಮೂರು ಸಲ ಬಿಟ್ಟು ಮೂರು ಸಲ ಹಿಡಿದವನನ್ನು ನಗೆಪಾಟಲು ಮಾಡಬಾರದೆಂಬಷ್ಟು ಪಾಠ ನಮಗೆ ಸಾಕು.

ಬಂಡೂರ ಎಂಬವರು 1977ರಲ್ಲಿ ಹೇಳಿದ್ದು ನಮಗೆ ಇನ್ನೂ ಹತ್ತಿರದ್ದು. ಹಾವೆಂದರೆ ಬೆವರುವ ಜನರಿಗೆ, ಬೇರೊಬ್ಬರು ಹಾವು ಮುಟ್ಟುವುದನ್ನು ತೋರಿಸಿ, ಆಮೇಲೆ ಸ್ವಲ್ಪಸ್ವಲ್ಪವಾಗಿ ಅವರಿಂದಲೇ ಮುಟ್ಟಿಸಿದರು. "ನನ್ನ ಕೈಲಾಗುತ್ತದೆ" ಎಂಬ ಧೈರ್ಯ ಉಪದೇಶದಿಂದ ಸ್ವಲ್ಪ ಬರುತ್ತದೆ, ತನ್ನಂಥವನೊಬ್ಬ ಮಾಡಿದ್ದನ್ನು ಕಂಡು ಹೆಚ್ಚು ಬರುತ್ತದೆ, ತಾನೇ ಮಾಡಿದಾಗ ಎಲ್ಲಕ್ಕಿಂತ ಹೆಚ್ಚು. ಹಾಗಾಗಿ ಆರು ತಿಂಗಳ ಮದ್ದು ಮುಗಿಸಿ ಇಂದು ಮತ್ತೆ ತಟ್ಟೆ ಹಿಡಿದಿರುವ ಅಡುಗೆಯವರೊಬ್ಬರು ಖೋಲಿಗೆ ಬಂದು ಅರ್ಧ ಗಂಟೆ ಕೂತರೆ, ನಮ್ಮ ಈ ಭಾಷಣಕ್ಕಿಂತ ಹೆಚ್ಚು ಕೆಲಸವಾದೀತು. ಅಂಥವರು ನಮ್ಮಲ್ಲಿದ್ದಾರೆ. ಮುಂದೆ ಬರುವುದಾದರೆ ಕಾರ್ಯದರ್ಶಿಗಳಿಗೆ ಹೆಸರು ಕೊಡಿ; ಒಪ್ಪಿಗೆಯಿಲ್ಲದೆ ಯಾರ ಹೆಸರೂ ಹೊರಬೀಳುವುದಿಲ್ಲ.

ಇಲ್ಲಿ ಕೆಲವು ಹೋಟೆಲ್ ಧಣಿಗಳೂ ಕುಳಿತಿದ್ದೀರಿ. ನಿಮ್ಮಲ್ಲಿ ಒಂದು ಬೇಡಿಕೆ. ಎರಡು ವಾರ ಕೆಮ್ಮಿದವನಿಗೆ ಸಂಬಳ ಕಡಿಯದೆ ಅರ್ಧ ದಿನ ಬಿಡಿ, ಕಫ ಪರೀಕ್ಷೆ ಮಾಡಿಸಿಕೊಂಡು ಬರಲಿ. ರೋಗವೆಂದು ಗೊತ್ತಾದರೆ, ವೈದ್ಯರು ಕೆಲಸಕ್ಕೆ ಬರಬಹುದೆನ್ನುವ ತನಕ ಅವನ ಜಾಗಕ್ಕೆ ಬದಲಿ ಆಳನ್ನು ಇಟ್ಟುಕೊಳ್ಳಿ, ಖಾಯಂ ಆಳನ್ನಲ್ಲ. ಇದನ್ನು ಬಾಯಿಮಾತಿನಲ್ಲಿ ಬಿಡದೆ, ಗಲ್ಲಾದ ಪಕ್ಕದಲ್ಲಿ ನಿಮ್ಮ ಸಹಿ ಹಾಕಿ ತೂಗುಹಾಕಿರಿ.