ಜೀವ ಅಲ್ಲಾಹನ ಅಮಾನತ್: ಗರ್ಭದಿಂದ ಮುಪ್ಪಿನವರೆಗೆ

(ಗೌಡಗೆರೆ ಮಸೀದಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಹಾಗೂ ಸಂಗಾತಿಗಳ ಮೇಲೆ ಶಾಂತಿ ಮತ್ತು ಕೃಪೆ ಇರಲಿ.

ಸಹೋದರರೇ, ಕೆಲವು ಕಾಲದ ಹಿಂದೆ ಇಶಾ ನಮಾಝ್ ಮುಗಿದ ಮೇಲೆ ಒಬ್ಬ ಯುವಕ ಮೆಟ್ಟಿಲ ಬಳಿಯೇ ನಿಂತಿದ್ದ. ಎಲ್ಲರೂ ಹೋದ ಮೇಲೆ ಮೆಲ್ಲನೆ ಕೇಳಿದ: “ಹಜ್ರತ್, ಮೊದಲನೆಯದು ಹೆಣ್ಣು. ಈಗ ಮನೆಯವಳಿಗೆ ನಾಲ್ಕನೇ ತಿಂಗಳು. ದುಡ್ಡು ಕೊಟ್ಟರೆ ಸ್ಕ್ಯಾನ್ ಮಾಡಿ ಹೇಳುವವರು ಇದ್ದಾರಂತೆ. ಇದೂ ಹೆಣ್ಣಾದರೆ ತೆಗೆಸಬಹುದಾ?” ನಾನು ತಕ್ಷಣ “ಹರಾಮ್” ಎಂದೆ. ಅವನು ತಲೆ ತಗ್ಗಿಸಿ ಹೊರಟುಹೋದ.

ನಾನು ಹೇಳಿದ್ದು ತಪ್ಪಲ್ಲ. ಆದರೆ ಅದು ಅರ್ಧ ಉತ್ತರ. ಉಳಿದ ಅರ್ಧ ಯಾವುದು ಎಂಬುದೇ ಇವತ್ತಿನ ಮಾತು.

ಇಸ್ಲಾಮ್ ಬರುವ ಮುಂಚೆ ಅರಬರಲ್ಲಿ ಕೆಲವರು ಹೆಣ್ಣುಮಗುವನ್ನು ಜೀವಂತ ಹೂಳುತ್ತಿದ್ದರು. ಕಿಯಾಮತ್ ದಿನ ಆ ಮಗುವನ್ನೇ ಕರೆದು, ಯಾವ ಅಪರಾಧಕ್ಕಾಗಿ ನಿನ್ನನ್ನು ಕೊಲ್ಲಲಾಯಿತು ಎಂದು ಕೇಳಲಾಗುವುದೆಂದು ಸೂರಃ ತಕ್ವೀರ್ ತಿಳಿಸುತ್ತದೆ. ಬಡತನದ ಕಾರಣಕ್ಕೆ ಮಕ್ಕಳನ್ನು ಕೊಲ್ಲಬೇಡಿ ಎಂಬ ಆಜ್ಞೆ ಕುರ್‌ಆನ್‌ನಲ್ಲಿ ಎರಡು ಕಡೆ ಬಂದಿದೆ. ಸೂರಃ ಅನ್‌ಆಮ್‌ನಲ್ಲಿ ಈಗಾಗಲೇ ಬಡವನಾಗಿರುವವನಿಗೆ, ಸೂರಃ ಇಸ್ರಾದಲ್ಲಿ ಮುಂದೆ ಬಡತನ ಬಂದೀತೆಂದು ಹೆದರುವವನಿಗೆ. ಇಬ್ಬರಿಗೂ ಅಲ್ಲಾಹನು ಅನ್ನದ ಭರವಸೆ ಕೊಟ್ಟಿದ್ದಾನೆ. ಇಲ್ಲಿ ಗಮನಿಸಿ: ಕೊಲೆಯನ್ನು ನಿಷೇಧಿಸಿದ ಅದೇ ವಚನದಲ್ಲಿ ಹೊಟ್ಟೆಯ ಚಿಂತೆಗೂ ಉತ್ತರವಿದೆ. ನಾನು ಆ ಯುವಕನಿಗೆ ನಿಷೇಧ ಮಾತ್ರ ಹೇಳಿದ್ದೆ.

ಮಸ್‌ಅಲಾ ಸ್ಪಷ್ಟವಾಗಿರಲಿ. 120 ದಿನಗಳಾದ ಮೇಲೆ ಭ್ರೂಣಕ್ಕೆ ರೂಹ್ ಊದಲಾಗುತ್ತದೆಂದು ಹದೀಸಿನ ಆಧಾರದಲ್ಲಿ ಉಲಮಾಗಳು ಹೇಳುತ್ತಾರೆ. ಅದಕ್ಕಿಂತ ಮುಂಚಿನ ಅವಧಿಯ ಬಗ್ಗೆ ಅವರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಹೆಣ್ಣು ಎಂಬ ಕಾರಣಕ್ಕೆ ತೆಗೆಸುವುದಕ್ಕೆ ದೀನಿನಲ್ಲಿ ಜಾಗವಿಲ್ಲ. ತಾಯಿಯ ಪ್ರಾಣಕ್ಕೆ ಅಪಾಯವಿದೆಯೆಂದು ವೈದ್ಯರು ಹೇಳಿದರೆ ಅದು ಬೇರೆ ಮಾತು. ಆಗ ತಾಯಿಯ ಜೀವ ಮೊದಲು. ಅಂಥ ಹೆಣ್ಣುಮಗಳ ಬಗ್ಗೆ ಆಡಿಕೊಳ್ಳುವ ಹಕ್ಕು ನಮಗಿಲ್ಲ.

ದೇಶದ ಕಾನೂನೂ ಭ್ರೂಣಲಿಂಗ ಪತ್ತೆಯನ್ನು 1994ರಲ್ಲೇ ನಿಷೇಧಿಸಿದೆ. ಆದರೂ 2023ರಲ್ಲಿ ಮಂಡ್ಯದ ಸುದ್ದಿ ಬಂತಲ್ಲ? ಬೆಲ್ಲ ಬೇಯಿಸುವ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ! ಮೂರು ವರ್ಷಗಳಲ್ಲಿ ಸುಮಾರು 900 ಗರ್ಭಪಾತ ಮಾಡಿಸಿರಬಹುದೆಂದು ಪೊಲೀಸರು ಹೇಳಿದರು. ಗಿರಾಕಿ ಇಲ್ಲದೆ ಈ ವ್ಯಾಪಾರ ನಡೆಯುವುದಿಲ್ಲ. ಅದು ಬೇರೆಯವರ ಪಿಡುಗು, ನಮ್ಮದಲ್ಲ ಎಂದು ಸಮಾಧಾನ ಪಡಬೇಡಿ. ನನ್ನ ಮುಂದೆ ನಿಂತ ಯುವಕ ನಮ್ಮ ಸಫ್‌ನಲ್ಲಿ ನಮಾಝ್ ಮಾಡಿದವನೇ.

ಮರುದಿನ ಜಮಾತಿನ ಇಬ್ಬರು ಹಿರಿಯರ ಜೊತೆ ಅವನ ಮನೆಗೆ ಹೋದೆ. ಚಹಾ ಕುಡಿಯುತ್ತಾ ಕುಳಿತಾಗ ಒಂದೊಂದೇ ವಿಷಯ ಹೊರಬಂತು. ತಂಗಿಯ ಮದುವೆಗೆ ಗಂಡಿನ ಕಡೆಯವರು ಜೋಡೆಯ ಹಣ, ಬೈಕು, ಮಂಚ, ಬೀರು ಎಲ್ಲ ಕೇಳಿದ್ದರು. ಆ ಸಾಲ ಇನ್ನೂ ತೀರಿಲ್ಲ. ಕಡ್ಲೆಕಾಯಿ ಬೆಳೆ ಮಳೆಯಿಲ್ಲದೆ ಹೋಗಿದೆ. ಆ ನಿಕಾಹ್‌ಗೆ ಹೋಗಿ ಬಿರಿಯಾನಿ ತಿಂದವರು ನಾವೇ. ಜೋಡೆ ಎಷ್ಟು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಹೆಣ್ಣುಮಗುವನ್ನು ಅವನ ಕಣ್ಣಿಗೆ ಹೊರೆಯಾಗಿ ಕಾಣಿಸಿದವರು ಯಾರು? ನಾವು.

ಹಝ್ರತ್ ಉಮರ್(ರ)ರ ಕಾಲದ ಒಂದು ಘಟನೆ ಕೇಳಿ. ಮದೀನಾದ ಹೊರಗೆ ವ್ಯಾಪಾರಿಗಳ ಗುಂಪೊಂದು ತಂಗಿತ್ತು. ಉಮರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ರಾತ್ರಿ ಕಾವಲು ನಿಂತಿದ್ದರು. ಒಂದು ಮಗು ಅಳುತ್ತಲೇ ಇತ್ತು. ಉಮರ್(ರ) ಹೋಗಿ ತಾಯಿಯನ್ನು ವಿಚಾರಿಸಿದರು. ಅವರು ಯಾರೆಂದು ಆಕೆಗೆ ಗೊತ್ತಿರಲಿಲ್ಲ. ಹಾಲು ಬಿಡಿಸುತ್ತಿದ್ದೇನೆ, ಖಲೀಫರು ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಭತ್ಯೆ ಕೊಡುತ್ತಾರೆ ಎಂದಳು. ಉಮರ್(ರ) ನಡುಗಿಹೋದರು. ಫಜ್ರ್ ನಮಾಝ್‌ನಲ್ಲಿ ಅಳುವಿನಿಂದ ಅವರ ಓದು ಜನರಿಗೆ ಸರಿಯಾಗಿ ಕೇಳಿಸಲಿಲ್ಲ. ನಂತರ, ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಎಂದು ಸಾರಿಸಿದರು. ಅವರು ಆ ತಾಯಿಯನ್ನು ಗದರಿಸಲಿಲ್ಲ. ತಪ್ಪು ತಮ್ಮ ಕಾಯಿದೆಯಲ್ಲಿದೆ ಎಂದು ತಿಳಿದು ಕಾಯಿದೆಯನ್ನೇ ಬದಲಿಸಿದರು.

ಸಹೋದರರೇ, ಗರ್ಭದಲ್ಲಿರುವಾಗ ಪವಿತ್ರವಾದ ಜೀವ ಹುಟ್ಟಿದ ಮೇಲೂ ಪವಿತ್ರವೇ. 2022ರ ನವೆಂಬರ್‌ನಲ್ಲಿ ನಮ್ಮದೇ ತುಮಕೂರಿನಲ್ಲಿ ಏನಾಯಿತು, ನೆನಪಿಸಿಕೊಳ್ಳಿ. ತಮಿಳುನಾಡು ಮೂಲದ ಒಬ್ಬ ಬಡ ಗರ್ಭಿಣಿ ಹೆರಿಗೆ ನೋವಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಹೋದಳು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ವಾಪಸ್ ಕಳಿಸಿದರು. ಮರುದಿನ ಮನೆಯಲ್ಲೇ ಹೆರಿಗೆಯಾಗಿ ತಾಯಿಯೂ ಅವಳಿ ಮಕ್ಕಳೂ ತೀರಿಕೊಂಡರು. ವೈದ್ಯೆ ಮತ್ತು ದಾದಿಯರು ಅಮಾನತಾದರು. ಹೋದ ಮೂರು ಜೀವ ಬರಲಿಲ್ಲ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂಬುದು ಸೂರಃ ಮಾಇದಾದ ಪಾಠ. ಆ ಜೀವ ಯಾವ ಧರ್ಮದ್ದು, ಯಾವ ಭಾಷೆಯದು ಎಂದು ಅಲ್ಲಿ ಕೇಳಿಲ್ಲ.

ಮುಪ್ಪಿನ ಜೀವವೂ ಹಾಗೆಯೇ. ಭಿಕ್ಷೆ ಬೇಡುತ್ತಿದ್ದ ಒಬ್ಬ ವೃದ್ಧ ಯಹೂದಿಯನ್ನು ಉಮರ್(ರ) ಮನೆಗೆ ಕರೆದೊಯ್ದು ಕೈಲಾದುದನ್ನು ಕೊಟ್ಟರು, ಅವನ ತೆರಿಗೆ ತೆಗೆದರು, ಬೈತುಲ್‌ಮಾಲ್‌ನಿಂದ ನೆರವು ಗೊತ್ತುಮಾಡಿದರು. ಯೌವನದಲ್ಲಿ ದುಡಿಸಿಕೊಂಡು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲ ಎಂಬುದು ಅವರ ನಿಲುವು. ಇಂದು ಮಕ್ಕಳು ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ, ಹಳ್ಳಿಯ ಮನೆಯಲ್ಲಿ ಒಂಟಿಯಾಗಿರುವ ಅಮ್ಮಿ, ಅಬ್ಬಾ ಎಷ್ಟು ಜನರಿಲ್ಲ?

ಆದ್ದರಿಂದ ಜಮಾತಿನ ಮುಂದೆ ನಾಲ್ಕು ಮಾತು ಇಡುತ್ತೇನೆ.

ಒಂದು, ಜೋಡೆಯ ಹಣ ಪಡೆದಿರುವುದು ತಿಳಿದರೆ ಆ ನಿಕಾಹ್ ನಾನು ಓದುವುದಿಲ್ಲ. ನನ್ನ ಸ್ವಂತ ನೆಂಟರಾದರೂ ಅಷ್ಟೇ.

ಎರಡು, ನಮ್ಮ ಓಣಿಯ ಪ್ರತಿ ಗರ್ಭಿಣಿಯ ತಾಯಿ ಕಾರ್ಡ್ ಆಗಿದೆಯೇ ಎಂದು ಆಶಾ ಕಾರ್ಯಕರ್ತೆಯರನ್ನು ನಮ್ಮ ಹೆಣ್ಣುಮಕ್ಕಳು ವಿಚಾರಿಸಲಿ. 108 ತಡವಾದರೆ ರಾತ್ರಿ ಗಾಡಿಯ ಬಾಡಿಗೆಯನ್ನು ಮಸೀದಿಯ ಸದಖಾ ನಿಧಿ ಕೊಡಲಿ. ಕೂಲಿಗೆಂದು ಬಂದು ಟೆಂಟ್ ಹಾಕಿಕೊಂಡವರಿಗೂ, ಯಾವ ಜಾತಿಯವರಿಗೂ ಇದು ಸಲ್ಲಲಿ.

ಮೂರು, ಝಕಾತ್ ಹಂಚುವಾಗ ಸಾಲದಲ್ಲಿ ಮುಳುಗಿದವರನ್ನು ಮರೆಯಬೇಡಿ. ಝಕಾತಿನ ಎಂಟು ಹಕ್ಕುದಾರರಲ್ಲಿ ಅವರೂ ಒಬ್ಬರು.

ನಾಲ್ಕು, ಒಂಟಿ ಹಿರಿಯರ ಮನೆಗೆ ವಾರಕ್ಕೊಮ್ಮೆ ಹೋಗಿ ಬನ್ನಿ. ಮಕ್ಕಳು ಪೂರ್ತಿ ಕೈಬಿಟ್ಟಿದ್ದರೆ 2007ರ ಕಾಯಿದೆಯಡಿ ಮಧುಗಿರಿಯ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಬರೆದುಕೊಡಲು ನಾನು ಸಿದ್ಧ.

ಆ ಯುವಕನ ಸಾಲದಲ್ಲಿ ಒಂದು ಭಾಗವನ್ನು ನಾಲ್ಕು ಜನ ಸೇರಿ ತೀರಿಸಿದರು. ಅವನು ಸ್ಕ್ಯಾನಿಗೆ ಹೋಗಲಿಲ್ಲ. ಮಗು ಹುಟ್ಟಿತು, ಕಿವಿಯಲ್ಲಿ ಅಝಾನ್ ಹೇಳಿ ಬಂದೆ. ಗಂಡೋ ಹೆಣ್ಣೋ ಎಂದು ಕೇಳಬೇಡಿ, ನಾನು ಹೇಳುವುದಿಲ್ಲ.

ಯಾ ಅಲ್ಲಾಹ್, ನೀನು ಕೊಟ್ಟ ಪ್ರತಿ ಜೀವದ ಹಕ್ಕನ್ನು ಕೊನೆಯವರೆಗೂ ನೆರವೇರಿಸುವ ತೌಫೀಕ್ ನಮಗೆ ಕೊಡು. ಆಮೀನ್.